ಸೆರೆಯಲ್ಲಿ ಗಣಿತ, ಸಂಜೆ ಕಾರ್ಮಿಕರಿಗೆ ಪಾಠ: ಲೆಫ್ಟಿನೆಂಟ್ ಒಬ್ಬ ಪ್ರೊಫೆಸರ್ ಆದ ಕಥೆ

ಹುಬ್ಬಳ್ಳಿ-ಧಾರವಾಡದಾಗ ಎಂಜಿನಿಯರಿಂಗ್ ಓದಿದ ಯಾರನ್ನಾದ್ರೂ ಕೇಳಿ ನೋಡಿ. ಫಸ್ಟ್ ಇಯರ್ ಡ್ರಾಯಿಂಗ್ ಕ್ಲಾಸ್ ಅಂದ್ರೆ ಸಾಕು, ಈಗಲೂ ನಿಟ್ಟುಸಿರು ಬಿಡ್ತಾರೆ. ಫ್ರಂಟ್ ವ್ಯೂ, ಟಾಪ್ ವ್ಯೂ, ಪ್ರೊಜೆಕ್ಷನ್... ಈ ವಿದ್ಯೆ ಬೆಳೆದು ಬಂದದ್ದು ಸೈನ್ಯದ ಶಾಲೆಯಿಂದ ಅನ್ನೋದು ಮಾತ್ರ ಹೆಚ್ಚು ಜನಕ್ಕೆ ಗೊತ್ತಿಲ್ಲ. 18ನೇ ಶತಮಾನದಲ್ಲಿ ಫ್ರಾನ್ಸಿನ ಮೆಝಿಯೇರ್ ಮಿಲಿಟರಿ ಶಾಲೆಯಲ್ಲಿ ಗಾಸ್ಪಾರ್ ಮೊಂಜ್ ಕೋಟೆಗಳ ವಿನ್ಯಾಸಕ್ಕಾಗಿ ಇದನ್ನು ರೂಪಿಸಿದ. ಎಷ್ಟೋ ವರ್ಷ ಅದು ಸೇನೆಯ ಗುಟ್ಟಾಗಿಯೇ ಉಳಿದಿತ್ತು.

ಮೊಂಜ್‌ನ ಹಾದಿಯಲ್ಲೇ ಬಂದವನು ಜ್ಯಾಂ-ವಿಕ್ಟೊರ್ ಪೊನ್ಸಲೆ. ಸೇನಾಧಿಕಾರಿ, ಯುದ್ಧಕೈದಿ, ಪ್ರಾಧ್ಯಾಪಕ, ಕೊನೆಗೆ ದೇಶದ ದೊಡ್ಡ ಎಂಜಿನಿಯರಿಂಗ್ ಸಂಸ್ಥೆಯ ಮುಖ್ಯಸ್ಥ. 'ಕರಿಯರ್‌ನಾಗ ಗ್ಯಾಪ್ ಬಿತ್ತು, ಇನ್ನೇನ್ ಮಾಡೋದು' ಅಂತ ಚಿಂತೆ ಮಾಡೋರು ಈತನ ಬದುಕನ್ನೊಮ್ಮೆ ಓದಬೇಕು.

ಹಿಮದಲ್ಲಿ ಬಿಟ್ಟುಹೋದರು

ಪೊನ್ಸಲೆ ಹುಟ್ಟಿದ್ದು 1788ರಲ್ಲಿ, ಮೆಟ್ಸ್ ನಗರದಲ್ಲಿ. ಬಾಲ್ಯ ಕಳೆದದ್ದು ಬೇರೆಯವರ ಮನೆಯಲ್ಲಿ. ಓದಿನಲ್ಲಿ ಚುರುಕಾಗಿದ್ದ ಹುಡುಗ ಪ್ಯಾರಿಸ್ಸಿನ ಎಕೋಲ್ ಪೊಲಿಟೆಕ್ನೀಕ್ ಸೇರಿದ. ಆರೋಗ್ಯ ಕೆಟ್ಟು ಅಲ್ಲೇ ಒಂದು ವರ್ಷ ಹಾಳಾಯಿತು. ಆಮೇಲೆ ಮೆಟ್ಸ್‌ನ ಸೇನಾ ಎಂಜಿನಿಯರಿಂಗ್ ಶಾಲೆ, ಲೆಫ್ಟಿನೆಂಟ್ ಹುದ್ದೆ, 1812ರಲ್ಲಿ ನೆಪೋಲಿಯನ್ನನ ರಷ್ಯಾ ದಂಡಯಾತ್ರೆ.

ಆ ವರ್ಷದ ನವೆಂಬರಿನಲ್ಲಿ, ಸೇನೆ ಹಿಂದೆ ಸರಿಯುತ್ತಿದ್ದಾಗ, ಕ್ರಾಸ್ನೋಯ್ ಎಂಬಲ್ಲಿ ಕಾಳಗ ನಡೆಯಿತು. ಸತ್ತನೆಂದು ತಿಳಿದು ಪೊನ್ಸಲೆಯನ್ನು ಅಲ್ಲೇ ಬಿಟ್ಟುಹೋದರು. ರಷ್ಯನ್ನರ ಕೈಗೆ ಸಿಕ್ಕಿದ ಆತ ಇತರ ಕೈದಿಗಳ ಜೊತೆ ಚಳಿಗಾಲವಿಡೀ ನಡೆದು, 1813ರ ಮಾರ್ಚ್‌ನಲ್ಲಿ ವೋಲ್ಗಾ ದಂಡೆಯ ಸರಾತೋವ್ ಮುಟ್ಟಿದ.

ಕೈಯಲ್ಲಿ ಒಂದು ಪುಸ್ತಕವೂ ಇರಲಿಲ್ಲ. ಕಾಲೇಜಿನಲ್ಲಿ ಕಲಿತದ್ದನ್ನು ನೆನಪಿನಿಂದಲೇ ಮೊದಲಿನಿಂದ ಕಟ್ಟುತ್ತಾ ಹೋದ. ವಿವರಗಳು ಮರೆತಿದ್ದವು, ತಳಹದಿ ಉಳಿದಿತ್ತು. ಆ ತಳಹದಿಯ ಮೇಲೆ ಹೊಸ ಯೋಚನೆಗಳು ಹುಟ್ಟಿದವು: ಒಂದು ಆಕೃತಿಯ ನೆರಳನ್ನು ಬೇರೆ ಬೇರೆ ಕೋನದಲ್ಲಿ ಬೀಳಿಸಿದರೆ ಅದರ ಯಾವ ಗುಣ ಬದಲಾಗುತ್ತದೆ, ಯಾವುದು ಬದಲಾಗೋದಿಲ್ಲ? 1814ರಲ್ಲಿ ಬಿಡುಗಡೆಯಾಗಿ ಮೆಟ್ಸ್‌ಗೆ ಮರಳಿದಾಗ ಆತನ ಜೊತೆ ಬಂದದ್ದು ಈ ಟಿಪ್ಪಣಿಗಳು.

ಅವೇ ಬೆಳೆದು 1822ರಲ್ಲಿ ದೊಡ್ಡ ಗ್ರಂಥವಾದವು. ಇಂದು ನಾವು ಪ್ರೊಜೆಕ್ಟಿವ್ ಜಾಮೆಟ್ರಿ ಎಂದು ಕರೆಯುವ ಶಾಖೆಗೆ ಅದು ಅಡಿಪಾಯ. ಆಧಾರ್ ಕಾರ್ಡಿನ ಫೋಟೊ ಓರೆಯಾಗಿ ತೆಗೆದರೂ ಫೋನಿನ ಸ್ಕ್ಯಾನರ್ ಆ್ಯಪ್ ಅದನ್ನ ಚೌಕಾಗಿ ನೆಟ್ಟಗೆ ಮಾಡಿಕೊಡುತ್ತಲ್ಲ, ಅದರ ಹಿಂದಿರುವುದು ಇದೇ ಗಣಿತ.

ಒಲ್ಲದ ಮನಸ್ಸಿನ ಮೇಷ್ಟ್ರು

ಊರಿಗೆ ಬಂದ ಮೇಲೆ ಹತ್ತು ವರ್ಷ ಪೊನ್ಸಲೆ ಸೇನಾ ಎಂಜಿನಿಯರ್ ಆಗಿ ಮಾಡಿದ್ದು ದಿನನಿತ್ಯದ ಕೆಲಸ: ಸರ್ವೆ, ಕೋಟೆಯ ಕಾಮಗಾರಿ, ಎತ್ತಿ ಇಳಿಸುವ ಸೇತುವೆ. ಕೆಳಗಿನಿಂದ ನೀರು ತಳ್ಳಿ ತಿರುಗುವ ಜಲಚಕ್ರಗಳನ್ನೂ ಗಮನಿಸಿದ. ಅವುಗಳ ಹಲಗೆಗಳು ಚಪ್ಪಟೆ. ನೀರು ರಪ್ಪನೆ ಬಡಿದು ಚೆಲ್ಲಾಡುತ್ತಿತ್ತು, ಶಕ್ತಿ ಪೋಲಾಗುತ್ತಿತ್ತು. ಪೊನ್ಸಲೆ ಹಲಗೆಯನ್ನು ಬಾಗಿಸಿದ. ನೀರು ಬಡಿಯದೆ ಜಾರಿ ಮೇಲೇರಿ, ತನ್ನ ವೇಗವನ್ನೆಲ್ಲ ಚಕ್ರಕ್ಕೆ ಕೊಟ್ಟು, ಮೆಲ್ಲಗೆ ಕೆಳಗಿಳಿಯತೊಡಗಿತು. ಚಕ್ರದ ದಕ್ಷತೆ ಸುಮಾರು ದುಪ್ಪಟ್ಟಾಯಿತು. 1825ರಲ್ಲಿ ವಿಜ್ಞಾನ ಅಕಾಡೆಮಿ ಬಹುಮಾನ ಕೊಟ್ಟಿತು.

ಅದೇ ಹೊತ್ತಿಗೆ ಮೆಟ್ಸ್‌ನ ಸೇನಾ ಶಾಲೆಯಲ್ಲಿ ಯಂತ್ರಶಾಸ್ತ್ರ ಕಲಿಸಲು ಕರೆ ಬಂತು. ಆತನಿಗೆ ಮನಸ್ಸಿರಲಿಲ್ಲ; ಜೀವವೆಲ್ಲ ರೇಖಾಗಣಿತದಲ್ಲೇ ಇತ್ತು. ವಿಜ್ಞಾನಿ ಅರಾಗೊ ಒತ್ತಾಯಿಸಿದ ಮೇಲೆ ಒಪ್ಪಿಕೊಂಡ. ಒಪ್ಪಿದ ಮೇಲೆ ಮಾತ್ರ ಅರ್ಧ ಮನಸ್ಸಿನ ಪಾಠ ಮಾಡಲಿಲ್ಲ. ಸೇನೆಯ ಕ್ಲಾಸಿನ ಜೊತೆಗೆ, 1827ರಿಂದ ಊರಿನ ಕಾರ್ಮಿಕರಿಗೆ, ಕುಶಲಕರ್ಮಿಗಳಿಗೆ ಸಂಜೆ ಪಾಠ ಶುರು ಮಾಡಿದ. ಹಗಲಿಡೀ ದುಡಿದು ಬಂದವರಿಗೆ ಯಂತ್ರದ ಲೆಕ್ಕ ತಿಳಿಯುವ ಹಾಗೆ ಹೇಳಬೇಕಿತ್ತು. ಆ ಪಾಠಗಳು ಪುಸ್ತಕವಾಗಿಯೂ ಬಂದವು.

ಹೈಸ್ಕೂಲಿನಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ 'ಕೆಲಸ = ಬಲ × ದೂರ' ನೆನಪಿದೆಯಾ? ಭೌತಶಾಸ್ತ್ರದಲ್ಲಿ 'ಕೆಲಸ' ಎಂಬ ಪದಕ್ಕೆ ಈ ಖಚಿತ ಅರ್ಥ ಗಟ್ಟಿಯಾದದ್ದು 1820ರ ದಶಕದ ಕೊನೆಯಲ್ಲಿ, ಕೊರಿಯೊಲಿಸ್ ಮತ್ತು ಪೊನ್ಸಲೆ ಅವರ ಬರಹಗಳಿಂದ. ಕೆಲಸ ಮಾಡುವವರಿಗೇ ಪಾಠ ಹೇಳಿದವನ ಕೈಯಲ್ಲಿ ಆ ಪದ ಬೆಳೆದದ್ದು ಎಷ್ಟು ಚಂದ, ಅಲ್ಲವೇ?

ಕುರ್ಚಿಗೆ ಕೊಟ್ಟ ಬೆಲೆ

ಮುಂದೆ 1834ರಲ್ಲಿ ಅಕಾಡೆಮಿ ಸದಸ್ಯತ್ವ, 1838ರಲ್ಲಿ ಪ್ಯಾರಿಸ್ ವಿಜ್ಞಾನ ವಿಭಾಗದಲ್ಲಿ ಪ್ರಾಧ್ಯಾಪಕ ಹುದ್ದೆ. 1848ರಲ್ಲಿ ಜನರಲ್ ಆಗಿ ಬಡ್ತಿ, ಜೊತೆಗೆ ತಾನೇ ಓದಿದ ಎಕೋಲ್ ಪೊಲಿಟೆಕ್ನೀಕ್‌ನ ಮುಖ್ಯಸ್ಥನ ಸ್ಥಾನ. ಅದು ಫ್ರಾನ್ಸಿನಲ್ಲಿ ಕ್ರಾಂತಿಯ ವರ್ಷ. ಬೀದಿಯಲ್ಲಿ ಗುಂಡಿನ ಸದ್ದು. ಅಂಥ ಹೊತ್ತಿನಲ್ಲಿ ಕಾಲೇಜು ನಡೆಸಬೇಕಾಗಿ ಬಂತು. 1850ರಲ್ಲಿ ನಿವೃತ್ತಿ.

ಇಷ್ಟಕ್ಕೂ ಎಲ್ಲ ಸಿಹಿಯಾಗೇನೂ ಇರಲಿಲ್ಲ. ಆತನ ರೇಖಾಗಣಿತದ ಮುಖ್ಯ ತತ್ವವೊಂದನ್ನು ಗಣಿತಜ್ಞ ಕೋಶಿ ಟೀಕಿಸಿದ್ದು ಮನಸ್ಸಿಗೆ ಚುಚ್ಚಿತ್ತು. ಪೊನ್ಸಲೆ ಪಾಠ, ಆಡಳಿತದಲ್ಲಿ ಮುಳುಗಿದ್ದಾಗ ಆತ ಶುರು ಮಾಡಿದ ವಿಷಯವನ್ನು ಬೇರೆಯವರು ಬೆಳೆಸಿ ಮುಂದೆ ಹೋದರು. ಯಾರು ಮೊದಲು ಹೇಳಿದ್ದು ಎಂಬ ಜಗಳಗಳೂ ನಡೆದವು. ಸಂಶೋಧನೆ ಬಿಟ್ಟು ಆಡಳಿತದ ಕುರ್ಚಿಗೆ ಹೋದ ಯಾವ ಪ್ರೊಫೆಸರ್‌ಗೂ ಈ ನೋವು ಹೊಸದಲ್ಲ.

ನಮ್ಮಲ್ಲಿಯೂ ಅದೇ ದಾರಿ

ಭಾರತದ ಎಂಜಿನಿಯರಿಂಗ್ ಶಿಕ್ಷಣವೂ ಸೇನೆಯ ಕೈ ಹಿಡಿದೇ ನಡೆದಿದ್ದು. 1847ರಲ್ಲಿ ಗಂಗಾ ಕಾಲುವೆ ಕಟ್ಟಲು ಜನ ಬೇಕಾಗಿ ರೂರ್ಕಿಯಲ್ಲಿ ಕಾಲೇಜು ಶುರುವಾದಾಗ, ಅದರ ಮೊದಲ ಪ್ರಿನ್ಸಿಪಾಲ್ ಬೆಂಗಾಲ್ ಎಂಜಿನಿಯರ್ಸ್‌ನ ಲೆಫ್ಟಿನೆಂಟ್ ರಾಬರ್ಟ್ ಮೆಕ್ಲಗನ್. ವಯಸ್ಸು ಇನ್ನೂ 27 ತುಂಬಿರಲಿಲ್ಲ! ಅದೇ ಇಂದಿನ ಐಐಟಿ ರೂರ್ಕಿ. ಈಗಲೂ ಪುಣೆಯ ಮಿಲಿಟರಿ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಅಧಿಕಾರಿಗಳು ಓದುತ್ತಾರೆ, ಅಲ್ಲಿಯೇ ಪಾಠವನ್ನೂ ಹೇಳುತ್ತಾರೆ. ಐಐಟಿಗಳಲ್ಲಿ ಎಂ.ಟೆಕ್. ಮಾಡುವ ಅಧಿಕಾರಿಗಳೂ ಇದ್ದಾರೆ. 1947ರಲ್ಲಿ ಬಿವಿಬಿ ಕಾಲೇಜು ಕಂಡ ಹುಬ್ಬಳ್ಳಿಗೆ, 2016ರಲ್ಲಿ ಐಐಟಿ ಪಡೆದ ಧಾರವಾಡಕ್ಕೆ ಈ ಪರಂಪರೆ ದೂರದ್ದೇನಲ್ಲ.

ಎರಡನೇ ವೃತ್ತಿಗೆ ಹೊರಡೋರು ಹಳೆಯದನ್ನೆಲ್ಲ ಒರೆಸಿ ಹಾಕಬೇಕಿಲ್ಲ. ಪೊನ್ಸಲೆಗೆ ಕೋಟೆಯ ಕಾಮಗಾರಿ ಯಂತ್ರಶಾಸ್ತ್ರ ಕಲಿಸಿತು, ಸೆರೆವಾಸ ಗಣಿತ ಕೊಟ್ಟಿತು. ಕೈದಿಯಾಗಿ ಕಂಡ ರಷ್ಯಾದ ಮಣಿಚೌಕಟ್ಟು ಕೂಡ ವ್ಯರ್ಥವಾಗಲಿಲ್ಲ. ಮೆಟ್ಸ್‌ನ ಮಕ್ಕಳಿಗೆ ಲೆಕ್ಕ ಕಲಿಸಲು ಅದನ್ನು ತಂದ.

ನಿವೃತ್ತಿಯಾದ ಮೇಲೆ ಆತ ಮತ್ತೆ ತನ್ನ ರೇಖಾಗಣಿತಕ್ಕೆ ಮರಳಿದ. ಸರಾತೋವ್‌ನಲ್ಲಿ ಬರೆದ ಆ ಹಳೆಯ ಟಿಪ್ಪಣಿಗಳನ್ನು 1862ರಲ್ಲಿ ಪುಸ್ತಕವಾಗಿ ಹೊರತಂದ. ಆಗ ಆತನ ವಯಸ್ಸು 74. 1867ರಲ್ಲಿ ತೀರಿಕೊಂಡ. ಐಫೆಲ್ ಟವರಿನ ಮೇಲೆ ಕೊರೆದಿರುವ 72 ಹೆಸರುಗಳಲ್ಲಿ, ಹಿಮದಲ್ಲಿ ಸತ್ತನೆಂದು ಬಿಟ್ಟುಹೋದ ಆ ಲೆಫ್ಟಿನೆಂಟಿನ ಹೆಸರೂ ಒಂದು.