ದುಃಖಕ್ಕೆ ಹನ್ನೆರಡು ತಿಂಗಳ ಗಡುವು

ಹತ್ತಿರದವರು ತೀರಿಕೊಂಡು 12 ತಿಂಗಳು ಕಳೆದರೂ ಸಂಕಟ ದಿನನಿತ್ಯದ ಬದುಕನ್ನೇ ಕಟ್ಟಿಹಾಕಿದ್ದರೆ ಅದನ್ನೊಂದು ಕಾಯಿಲೆಯೆಂದು ಗುರುತಿಸಬಹುದು ಎಂದು ಅಮೆರಿಕದ ಮನೋವೈದ್ಯರ ಕೈಪಿಡಿ 2022ರ ಮಾರ್ಚ್‌ನಲ್ಲಿ ಹೇಳಿತು. ಆಯಾ ಸಮುದಾಯದ ರೂಢಿಯನ್ನೂ ನೋಡಿ ಎಂಬ ಷರತ್ತು ಅದರಲ್ಲಿದೆ, ನಿಜ. ಆದರೆ ಮಗನನ್ನು ಕೊಂದವರ ಮೇಲಿನ ಮೊಕದ್ದಮೆ ಇನ್ನೂ ಮುಗಿದಿಲ್ಲ, ಅವನು ಸಾಯುವ ವಿಡಿಯೊ ಊರವರ ಮೊಬೈಲುಗಳಲ್ಲೆಲ್ಲ ಓಡುತ್ತಿದೆ ಎನ್ನುವಾಗ ಆ ತಿಂಗಳುಗಳನ್ನು ಎಲ್ಲಿಂದ ಎಣಿಸುವುದು?

1955ರ ಆಗಸ್ಟ್‌ನಲ್ಲಿ ಶಿಕಾಗೊದ 14 ವರ್ಷದ ಕಪ್ಪು ಹುಡುಗ ಎಮೆಟ್ ಟಿಲ್ ಮಿಸಿಸಿಪ್ಪಿಯ ನೆಂಟರ ಮನೆಗೆ ಹೋಗಿದ್ದ. ಬಿಳಿಯ ಹೆಂಗಸನ್ನು ಕೆಣಕಿದನೆಂದು ಅವನನ್ನು ಹೊತ್ತೊಯ್ದು, ಹೊಡೆದು ಕೊಂದು ನದಿಗೆಸೆದರು. ಶವಪೆಟ್ಟಿಗೆ ಮುಚ್ಚಲು ತಾಯಿ ಮೇಮಿ ಒಪ್ಪಲಿಲ್ಲ. ಗುರುತೇ ಸಿಗದಂತಾಗಿದ್ದ ಮುಖವನ್ನು ಸಾವಿರಾರು ಜನ ಸಾಲುಗಟ್ಟಿ ನೋಡಿದರು. ಬಿಳಿಯರೇ ಕೂತಿದ್ದ ಜ್ಯೂರಿ ಆರೋಪಿಗಳಿಬ್ಬರನ್ನೂ ಬಿಟ್ಟುಬಿಟ್ಟಿತು. ಮರುವರ್ಷ ಅವರೇ ದುಡ್ಡು ಪಡೆದು ‘ಲುಕ್’ ಪತ್ರಿಕೆಯೆದುರು ಕೊಲೆ ಒಪ್ಪಿಕೊಂಡರು. ಟಿಲ್ ಹೆಸರಿನಲ್ಲಿ ಗುಂಪುಹತ್ಯೆ ತಡೆ ಕಾನೂನು ಬಂದದ್ದು ಯಾವಾಗ? ಅದೇ 2022ರ ಮಾರ್ಚ್‌ನಲ್ಲಿ. ಮೇಮಿ ತೀರಿಕೊಂಡು ಆಗಲೇ 19 ವರ್ಷವಾಗಿತ್ತು.

ಇಂಥ ತಾಯಂದಿರು ಇಂದು ಆಪ್ತಸಮಾಲೋಚಕರ ಬಳಿ ಬರುತ್ತಾರೆ. ಬಾರದವರೂ ಬಹಳ. ಅದಕ್ಕೆ ಕಾರಣವೂ ಇದೆ: ಅಮೆರಿಕದ ಟಸ್ಕೀಗಿ ಊರಿನಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ತಗುಲಿದ್ದ ಕಪ್ಪು ಗಂಡಸರಿಗೆ ಸರ್ಕಾರಿ ವೈದ್ಯರೇ ಚಿಕಿತ್ಸೆ ಕೊಡದೆ ರೋಗ ಬೆಳೆಯುವುದನ್ನು ನೋಡುತ್ತ ಕೂತಿದ್ದರು. ಅದನ್ನು ಬಲ್ಲವರು ಎದುರು ಕೂತ ಬಿಳಿಯ ತಜ್ಞರನ್ನು ಅನುಮಾನಿಸಿದರೆ ಅದನ್ನು ರೋಗಲಕ್ಷಣವೆಂದು ಬರೆದುಕೊಳ್ಳುವುದು ದಡ್ಡತನ. ಕಪ್ಪು ಮನಶ್ಶಾಸ್ತ್ರಜ್ಞರು 1968ರಲ್ಲೇ ತಮ್ಮದೇ ಸಂಘ ಕಟ್ಟಿಕೊಂಡದ್ದು ಸುಮ್ಮನೆ ಅಲ್ಲ.

ಅನುಭವವಿದ್ದ ಸಮಾಲೋಚಕರು ಈ ಸಾವಿನಲ್ಲಿ ಬಣ್ಣದ ಪಾತ್ರವಿತ್ತೇ ಎಂದು ತಾವೇ ಕೇಳುತ್ತಾರೆ. ಸಿಟ್ಟನ್ನು ತಣಿಸಲು ಅವಸರಪಡುವುದಿಲ್ಲ. ಹಾಡು, ಗೋಳಾಟ, ಚಪ್ಪಾಳೆ, ಆಮೇಲೆ ಎಲ್ಲರೂ ಕೂತುಣ್ಣುವ ಊಟ, ಹೀಗೆ ಚರ್ಚಿನಲ್ಲಿ ಸತ್ತವರನ್ನು ಬೀಳ್ಕೊಡುವ ಮನೆಯವರಿಗೆ ಪಾದ್ರಿಯ ಮಾತೂ ಬೇಕು. ಕೋರ್ಟಿನ ತಾರೀಖು ಹತ್ತಿರವಾದಾಗ ಟಿವಿ ಹಾಕಬೇಕೇ, ಆ ದಿನ ಜೊತೆಗೆ ಯಾರಿರಬೇಕು ಎಂಬುದನ್ನು ಮೊದಲೇ ಮಾತಾಡಿಕೊಳ್ಳುತ್ತಾರೆ.

ನನಗೆ ಎಲ್ಲಕ್ಕಿಂತ ಕಷ್ಟವೆನಿಸುವುದು ಬೇರೆ. ಆಘಾತಕ್ಕೆ ಕೊಡುವ ಚಿಕಿತ್ಸೆ ಸಾಮಾನ್ಯವಾಗಿ ‘ಅಪಾಯ ಕಳೆಯಿತು, ಈಗ ನೀವು ಸುರಕ್ಷಿತ’ ಎಂಬುದನ್ನು ನಂಬಿಕೊಂಡು ಮುಂದೆ ಹೋಗುತ್ತದೆ. ದೊಡ್ಡ ಮಗನನ್ನು ಪೊಲೀಸರ ಗುಂಡಿಗೆ ಕಳೆದುಕೊಂಡ ತಾಯಿಗೆ ಹಾಗೆನ್ನಲು ಬರುವುದಿಲ್ಲ. ಚಿಕ್ಕವನು ರಾತ್ರಿ ಕೆಲಸ ಮುಗಿಸಿ ಅದೇ ರಸ್ತೆಯಲ್ಲಿ ಕಾರು ಓಡಿಸಿಕೊಂಡು ಮನೆಗೆ ಬರಬೇಕು.