ಎಂ.ಬಿ.ಎ. ಕಲಿಕೆ: ನಮ್ಮ ಮಕ್ಕಳಿಗೆ ಅವಕಾಶವೆಷ್ಟು?

ಸೊಲ್ಲಾಪುರದಲ್ಲಿಯೋ ಅಕ್ಕಲಕೋಟೆಯಲ್ಲಿಯೋ ಕನ್ನಡ ಮಾಧ್ಯಮದಲ್ಲಿ ಕಲಿತ ಮಗು ಮುಂದೆ ಅಹಮದಾಬಾದಿನ, ಬೆಂಗಳೂರಿನ ಅಥವಾ ಅಮೆರಿಕೆಯ ಹೆಸರಾಂತ ಸಂಸ್ಥೆಯಲ್ಲಿ ಎಂ.ಬಿ.ಎ. ಕಲಿಯಬಹುದೇ? ಪಾಲಕರು ಈಚೆಗೆ ಮೇಲಿಂದ ಮೇಲೆ ಕೇಳುವ ಪ್ರಶ್ನೆಯಿದು. ಕೆಲವರು 'ಅದೆಲ್ಲ ನಮ್ಮಂಥವರಿಗಲ್ಲ' ಎಂದು ಕೈಚೆಲ್ಲುತ್ತಾರೆ. ಕೆಲವರು 'ಒಂದು ಪರೀಕ್ಷೆ ಪಾಸಾದರೆ ಆಯಿತು' ಎಂದು ತಿಳಿಯುತ್ತಾರೆ. ಎರಡೂ ಸರಿಯಲ್ಲ. ಅವಕಾಶವನ್ನು ಅಳೆಯುವುದು ಹೇಗೆಂದು ಇಲ್ಲಿ ನೋಡೋಣ.

ಮೊದಲು ನಮ್ಮ ದೇಶದ ಮಾತು. ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆಗಳಲ್ಲಿ, ಅಂದರೆ ಐ.ಐ.ಎಂ.ಗಳಲ್ಲಿ, ಕಲಕತ್ತೆ ಮತ್ತು ಅಹಮದಾಬಾದಿನವು 1961ರಲ್ಲಿಯೂ ಬೆಂಗಳೂರಿನದು 1973ರಲ್ಲಿಯೂ ಆರಂಭವಾದವು. ಇಂದು ಇವುಗಳ ಸಂಖ್ಯೆ 20ನ್ನು ಮೀರಿದೆ. ಇವುಗಳ ಪ್ರವೇಶಕ್ಕೆ 'ಕ್ಯಾಟ್' ಪರೀಕ್ಷೆ ಬರೆಯಬೇಕು. ಕಲೆ, ವಾಣಿಜ್ಯ, ವಿಜ್ಞಾನ ಯಾವುದೇ ಪದವಿಯಲ್ಲಿ ಶೇ. 50 ಅಂಕಗಳಿದ್ದರೆ ಪರೀಕ್ಷೆಗೆ ಕೂಡಬಹುದು. ಪರಿಶಿಷ್ಟ ಜಾತಿ, ಪಂಗಡ ಹಾಗೂ ಅಂಗವಿಕಲ ವಿದ್ಯಾರ್ಥಿಗಳಿಗೆ ಶೇ. 45 ಸಾಕು.

ಇದರ ಫಲಿತಾಂಶ 'ಪರ್ಸೆಂಟೈಲ್'ನಲ್ಲಿ ಬರುತ್ತದೆ. ಇದು ಶೇಕಡಾ ಅಂಕವಲ್ಲ, ಸಾಲಿನಲ್ಲಿ ನಾವು ನಿಂತ ಜಾಗ. 99 ಪರ್ಸೆಂಟೈಲ್ ಎಂದರೆ ಪರೀಕ್ಷೆ ಬರೆದ ನೂರು ಜನರಲ್ಲಿ 99 ಜನ ನಮ್ಮ ಹಿಂದಿದ್ದಾರೆ ಎಂದರ್ಥ. 2024ರಲ್ಲಿ ಸುಮಾರು 2 ಲಕ್ಷ 93 ಸಾವಿರ ಜನ ಈ ಪರೀಕ್ಷೆ ಬರೆದರು. ಲೆಕ್ಕ ಹಾಕಿರಿ: 99 ಪರ್ಸೆಂಟೈಲ್ ಪಡೆದರೂ ನಮ್ಮ ಸಮಕ್ಕೆ ಅಥವಾ ನಮಗಿಂತ ಮುಂದೆ ಸುಮಾರು 2,900 ಜನ ಇರುತ್ತಾರೆ. ಆದ್ದರಿಂದ ಪರೀಕ್ಷೆಯೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ.

ವಿದ್ಯಾರ್ಥಿಗಳೇ, ಇಲ್ಲಿ ನೀವು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಅಹಮದಾಬಾದ್, ಬೆಂಗಳೂರುಗಳಂಥ ಸಂಸ್ಥೆಗಳು ಹತ್ತನೆಯ ಮತ್ತು ಹನ್ನೆರಡನೆಯ ಇಯತ್ತೆಯ ಅಂಕಗಳಿಗೂ ತೂಕ ಕೊಡುತ್ತವೆ. ಬೆಂಗಳೂರಿನ ಸಂಸ್ಥೆಯಂತೂ ಈ ಅಂಕಗಳನ್ನು ಆಯಾ ಮಂಡಳಿಯಲ್ಲಿಯೇ ಕಲಿತ ಇತರ ಅರ್ಜಿದಾರರ ಅಂಕಗಳೊಡನೆ ಹೋಲಿಸಿ ಸರಿದೂಗಿಸುತ್ತದೆ. ಮಹಾರಾಷ್ಟ್ರ ಮಂಡಳಿಯವರನ್ನು ಮಹಾರಾಷ್ಟ್ರ ಮಂಡಳಿಯವರೊಂದಿಗೇ ತೂಗುತ್ತಾರೆ. ಕನ್ನಡ ಮಾಧ್ಯಮವೆಂದು ಅಂಕ ಕಡಿಮೆ ಮಾಡುವ ನಿಯಮವೇನೂ ಇಲ್ಲ. ಅಂದರೆ ಎಂಟು ಹತ್ತು ವರ್ಷಗಳ ನಂತರದ ಅರ್ಜಿಯ ಮೊದಲ ಸಾಲನ್ನು ನೀವು ಈ ವರ್ಷವೇ ಬರೆಯುತ್ತಿದ್ದೀರಿ.

ಇನ್ನು ಪರದೇಶದ ಮಾತು. ಅಮೆರಿಕೆಯ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 1908ರಲ್ಲಿ ಸ್ಥಾಪನೆಯಾಯಿತು. ಈಚಿನ ವರ್ಷಗಳಲ್ಲಿ ಅಲ್ಲಿಗೆ ಎಂಟರಿಂದ ಹತ್ತು ಸಾವಿರ ಅರ್ಜಿಗಳು ಬಂದಿವೆ. ತರಗತಿಯಲ್ಲಿ ಸ್ಥಾನಗಳು 900ಕ್ಕೂ ತುಸು ಹೆಚ್ಚು. ಅವುಗಳಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಹೊರದೇಶದವರಿಗೆ ದೊರೆತಿದೆ. ಆದರೆ ಇದನ್ನು ನೋಡಿ 'ಹತ್ತರಲ್ಲೊಂದು ಅವಕಾಶ' ಎಂದು ಸುಲಭ ಲೆಕ್ಕ ಹಾಕಬಾರದು. ಭಾರತದಿಂದ ಹೋಗುವ ಅರ್ಜಿಗಳಲ್ಲಿ ಒಳ್ಳೆಯ ಅಂಕಗಳುಳ್ಳ ಇಂಜಿನಿಯರುಗಳದೇ ದೊಡ್ಡ ಗುಂಪು. ಒಂದೇ ಬಗೆಯ ನೂರು ಅರ್ಜಿಗಳ ನಡುವೆ ನೂರೊಂದನೆಯದು ಎದ್ದು ಕಾಣುವುದು ಕಷ್ಟ.

ಅಲ್ಲಿ 'ಜಿಮ್ಯಾಟ್' ಅಥವಾ ಅಂಥ ಪರೀಕ್ಷೆಯ ಅಂಕದ ಜೊತೆಗೆ ನಾಲ್ಕೈದು ವರ್ಷಗಳ ಕೆಲಸದ ಅನುಭವ, ಮೇಲಧಿಕಾರಿಗಳ ಶಿಫಾರಸು ಪತ್ರ, ತನ್ನ ಬಗ್ಗೆ ತಾನೇ ಬರೆದ ಪ್ರಬಂಧ, ಸಂದರ್ಶನ ಇವೆಲ್ಲವನ್ನೂ ನೋಡುತ್ತಾರೆ. 'ನೀನು ಏನು ಮಾಡಿದೆ? ಯಾರಿಗೆ ಉಪಯೋಗವಾಯಿತು?' ಎಂಬುದೇ ಅವರ ಮುಖ್ಯ ಪ್ರಶ್ನೆ. ಮುಂಬಯಿ ವಿಶ್ವವಿದ್ಯಾಲಯದಲ್ಲಿಯೂ ಅಹಮದಾಬಾದಿನ ಐ.ಐ.ಎಂ.ನಲ್ಲಿಯೂ ಕಲಿತು ಅಮೆರಿಕೆಗೆ ಹೋದ ಶ್ರೀಕಾಂತ ದಾತಾರರು 2021ರಲ್ಲಿ ಅದೇ ಹಾರ್ವರ್ಡ್ ಸಂಸ್ಥೆಯ ಡೀನ್ ಆದರು.

ಈ ಪ್ರಶ್ನೆಗೆ ಉತ್ತರ ಕೊಡಲು ನಮ್ಮ ಮಕ್ಕಳ ಬಳಿ ಬಂಡವಾಳವಿದೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಪೇಟೆಯಲ್ಲಿ ಹಿಂದಿ, ತೆಲುಗು ಕೇಳಿ ಬೆಳೆದ ಮಗು ನಾಲ್ಕು ಬಗೆಯ ಜನರೊಡನೆ ವ್ಯವಹರಿಸಬಲ್ಲದು. ನೂಲಿನ ಬೆಲೆ ಏರಿದಾಗ ಚಾದರ, ಟಾವೆಲ್ ನೇಯುವ ಮನೆ ಹೇಗೆ ಹೊಂದಿಸಿಕೊಳ್ಳುತ್ತದೆ, ಅಕ್ಕಲಕೋಟೆಯ ರೈತ ತೊಗರಿಯನ್ನು ಇಂದೇ ಮಾರಬೇಕೋ ಕಾಯಬೇಕೋ ಎಂದು ಹೇಗೆ ಯೋಚಿಸುತ್ತಾನೆ, ಇವೇ ವ್ಯಾಪಾರ ಶಾಸ್ತ್ರದ ಪಾಠಗಳು. ಹಡಗು, ವಿಮಾನಗಳ ಕಾರಖಾನೆ ಕಟ್ಟಿದ ವಾಲಚಂದ ಹಿರಾಚಂದರು 1882ರಲ್ಲಿ ಹುಟ್ಟಿದ್ದು ನಮ್ಮ ಸೊಲ್ಲಾಪುರದಲ್ಲಿಯೇ ಅಲ್ಲವೇ? ಆದರೆ ನೋಡಿದ್ದು ಸಾಲದು. ಮನೆಯ ಲೆಕ್ಕ ಬರೆಯುವುದು, ಸಹಕಾರಿ ಸಂಘದಲ್ಲಿ ದುಡಿಯುವುದು ಮುಂತಾಗಿ ಕೈಯಾರೆ ಮಾಡಿರಬೇಕು.

ಕೊರತೆಗಳನ್ನೂ ಮುಚ್ಚಿಡಬಾರದು. ಕ್ಯಾಟ್ ಪರೀಕ್ಷೆ ಇಂಗ್ಲಿಷಿನಲ್ಲಿದೆ. ಕನ್ನಡದಲ್ಲಿ ಅರ್ಥಮಾಡಿಕೊಂಡು ಓದುವ ಮಗುವಿಗೆ ಇಂಗ್ಲಿಷ್ ಅಸಾಧ್ಯವಲ್ಲ. ಆದರೆ ಇಂದಿನಿಂದಲೇ ದಿನಕ್ಕೆ ಅರ್ಧ ತಾಸು ಓದಬೇಕು, ಅಂಜದೆ ಮಾತನಾಡಬೇಕು. ಎರಡನೆಯದು ಹಣ. ಅಹಮದಾಬಾದಿನ ಎರಡು ವರ್ಷಗಳ ಶುಲ್ಕ 20 ಲಕ್ಷ ರೂಪಾಯಿ ದಾಟಿದೆ. ಅಮೆರಿಕೆಯಲ್ಲಿ ಅದರ ಹಲವು ಪಟ್ಟು. ಬ್ಯಾಂಕಿನ ಶಿಕ್ಷಣ ಸಾಲ, ಉತ್ತಮ ಸಂಸ್ಥೆಗಳಲ್ಲಿ ಅಡಮಾನವಿಲ್ಲದೆ ಸಾಲ ಕೊಡುವ 2024ರ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆ, ಪರದೇಶಕ್ಕೆ ಹೋಗುವ ಪರಿಶಿಷ್ಟ ಜಾತಿಯ ಮಕ್ಕಳಿಗೆ ಮಹಾರಾಷ್ಟ್ರ ಸರಕಾರದ ರಾಜರ್ಷಿ ಶಾಹು ಮಹಾರಾಜ ವಿದ್ಯಾರ್ಥಿವೇತನ ಇವನ್ನು ಪಾಲಕರು ಮೊದಲೇ ವಿಚಾರಿಸಬೇಕು. ಹೊಲ ಮಾರುವ ಮಾತು ಆಮೇಲಿನದು.

ಒಂದೇ ಬಾಗಿಲನ್ನು ನಂಬಿ ಕೂಡುವುದೂ ಬೇಡ. ಮಹಾರಾಷ್ಟ್ರದ ಎಂ.ಬಿ.ಎ. ಪ್ರವೇಶ ಪರೀಕ್ಷೆಯ ಮೂಲಕ ಪುಣೆ, ಮುಂಬಯಿಗಳಲ್ಲಿಯೂ ನಮ್ಮ ಸೊಲ್ಲಾಪುರದಲ್ಲಿಯೂ ಕಲಿಯಬಹುದು. ದೂರದ ಒಂದು, ನಡುವಿನ ಎರಡು, ಕೈಗೆಟಕುವ ಒಂದು, ಹೀಗೆ ಸಂಸ್ಥೆಗಳನ್ನು ಆರಿಸಿಕೊಳ್ಳುವುದು ಜಾಣತನ.

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎನ್ನುತ್ತದೆ ಗಾದೆ. ಚಾದರ ನೇಯುವ ಊರಿನವರಾದ ನಮಗೆ ಹಾಸಿಗೆಯನ್ನು ಉದ್ದ ಮಾಡುವುದೂ ಗೊತ್ತಿರಬೇಕು. ಅದಕ್ಕೆ ಬೇಕಾದ ಮೊದಲ ಎಳೆ ಈ ವರ್ಷದ ಅಭ್ಯಾಸ.