ಶತ್ರುವಿನ ಸಾಕ್ಷ್ಯದಿಂದ ಬಂದ ಮಹಾವೀರ ಚಕ್ರ

ನಮ್ಮ ಕಡೆಯಿಂದ ಸುಳ್ಯ, ಸಂಪಾಜೆ ಹಾದು ಘಾಟಿಯೇರಿ ಮಡಿಕೇರಿಗೆ ಹೋಗಿಬರುವವರು ಅಲ್ಲಿಯ ಹಳೆಯ ಖಾಸಗಿ ಬಸ್ ನಿಲ್ದಾಣದ ಬಳಿಯ ವೃತ್ತವನ್ನು ಕಂಡೇ ಇರುತ್ತಾರೆ. ಬಸ್ಸಿನ ಗಡಿಬಿಡಿಯಲ್ಲಿ ಅಲ್ಲಿರುವ ಪ್ರತಿಮೆ ಯಾರದೆಂದು ವಿಚಾರಿಸಿದವರು ಎಷ್ಟು ಮಂದಿಯೋ ಕಾಣೆ. ಅದು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರದು. ಕೊಡಗಿನ ವೀರರ ಹೆಸರು ಹೇಳಿರೆಂದು ತರಗತಿಯಲ್ಲಿ ಕೇಳಿದರೆ ಕಾರ್ಯಪ್ಪ, ತಿಮ್ಮಯ್ಯ ಎಂದು ಮಕ್ಕಳು ಒಂದೇ ಉಸಿರಿಗೆ ಹೇಳುತ್ತಾರೆ. ಮೂರನೆಯ ಹೆಸರು ಕೇಳಿದೊಡನೆ ತರಗತಿ ಮೌನ. ತಪ್ಪು ಮಕ್ಕಳದಲ್ಲ. ಆ ಹೆಸರನ್ನು ಗುರುತಿಸಲು ಸರಕಾರಕ್ಕೇ 23 ವರ್ಷ ಹಿಡಿಯಿತು.

1932ರ ಡಿಸೆಂಬರಿನಲ್ಲಿ ಹುಟ್ಟಿದ ದೇವಯ್ಯ 1954ರಲ್ಲಿ ವಾಯುಪಡೆಗೆ ಪೈಲಟ್ ಆಗಿ ಸೇರಿದರು. ಹೊಸಬರಿಗೆ ವಿಮಾನ ಹಾರಿಸಲು ಕಲಿಸುವ ಶಿಕ್ಷಕರಾಗಿಯೂ ದುಡಿದರು (ಈ ಒಂದು ಸಂಗತಿಗಾಗಿ ನನಗೆ ಅವರ ಮೇಲೆ ತುಸು ಹೆಚ್ಚೇ ಅಭಿಮಾನವೆಂದರೆ ಓದುಗರು ಕ್ಷಮಿಸಬೇಕು). 1965ರ ಸಮರ ಆರಂಭವಾದಾಗ ಅವರು ಪಂಜಾಬಿನ ಆದಂಪುರದಲ್ಲಿದ್ದ 1ನೆಯ ಸ್ಕ್ವಾಡ್ರನ್ನಿನಲ್ಲಿದ್ದರು.

ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣಕೋಟೆಯ ಮೇಲೆರಗಿ ನೆಲದಲ್ಲಿ ನಿಂತಿದ್ದ ನಮ್ಮ ವಿಮಾನಗಳನ್ನು ಸುಟ್ಟುಹಾಕಿದವು. ಮರುದಿನ ಬೆಳಗಿನ ಜಾವವೇ ಉತ್ತರ ಕೊಡಬೇಕೆಂದು ನಿಶ್ಚಯವಾಯಿತು. ಗುರಿ, ಶತ್ರುವಿನ ಅತಿ ದೊಡ್ಡ ವಾಯುನೆಲೆ ಸರ್ಗೋಧಾ. ವಿಂಗ್ ಕಮಾಂಡರ್ ಓ. ಪಿ. ತನೇಜಾ ಅವರ ನಾಯಕತ್ವದಲ್ಲಿ ಹೊರಡಬೇಕಾದದ್ದು 12 ಮಿಸ್ಟೇರ್ ವಿಮಾನಗಳು. ದೇವಯ್ಯನವರ ಹೆಸರು ಆ ಹನ್ನೆರಡರಲ್ಲಿರಲಿಲ್ಲ. ಯಾರಾದರೂ ಹಿಂದುಳಿದರೆ ಹೋಗಲು ಸಿದ್ಧವಾಗಿರಬೇಕಾದ ಕಾಯ್ದಿರಿಸಿದ ಪೈಲಟ್ ಅವರು. ಒಂದು ವಿಮಾನ ಹಿಂದುಳಿಯಿತು. ಇವರು ಕತ್ತಲಲ್ಲೇ ಹಾರಿದರು.

ಇಲ್ಲಿ ವಿಮಾನಗಳ ವಿಷಯ ಸ್ವಲ್ಪ ಹೇಳಬೇಕು. ಫ್ರಾನ್ಸಿನಲ್ಲಿ ತಯಾರಾದ ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನು ಮೀರಲಾರದು. ಆದಂಪುರದಿಂದ ಸರ್ಗೋಧಾಕ್ಕೆ ಹೋಗಿಬರುವಷ್ಟಕ್ಕೆ ಅದರ ಇಂಧನ ಹೆಚ್ಚುಕಡಿಮೆ ಮುಗಿಯುತ್ತದೆ. ನಡುವೆ ನಿಂತು ಕಾದಾಡುವವನಿಗೆ ಮನೆ ಸೇರುವ ಭರವಸೆಯಿಲ್ಲ. ಎದುರಾಳಿಯ ಬಳಿ ಇದ್ದದ್ದು ಅಮೆರಿಕದ ಸ್ಟಾರ್‌ಫೈಟರ್. ಶಬ್ದದ ಎರಡು ಪಟ್ಟು ವೇಗ, ಬೆನ್ನಟ್ಟಿ ಹೊಡೆಯುವ ಕ್ಷಿಪಣಿ. ಎತ್ತಿನ ಗಾಡಿಯೂ ಎಕ್ಸ್‌ಪ್ರೆಸ್ ರೈಲೂ ಎನ್ನುವಷ್ಟಲ್ಲದಿದ್ದರೂ ಸರಿಸಾಟಿಯಂತೂ ಅಲ್ಲ.

ದಾಳಿ ಮುಗಿಸಿ ಹಿಂದಿರುಗುವಾಗ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಎಂಬ ಪಾಕಿಸ್ತಾನಿ ಪೈಲಟ್ ಸ್ಟಾರ್‌ಫೈಟರಿನಲ್ಲಿ ದೇವಯ್ಯನವರನ್ನು ಅಟ್ಟಿಸಿಕೊಂಡು ಬಂದ. ಕ್ಷಿಪಣಿ ಗುರಿ ತಪ್ಪಿತು. ಬಳಿಕ ಹಾರಿಸಿದ ಗುಂಡುಗಳು ಮಿಸ್ಟೇರಿಗೆ ತಾಗಿದವು. ಕೆಲಸ ಮುಗಿಯಿತೆಂದುಕೊಂಡು ಹುಸೇನ್ ಬೇರೆ ವಿಮಾನದತ್ತ ತಿರುಗಿದ. ಆದರೆ ಗಾಯಗೊಂಡ ಮಿಸ್ಟೇರ್ ಬಿದ್ದಿರಲಿಲ್ಲ. ಅದು ತಿರುಗಿ ಬಂದು ಸ್ಟಾರ್‌ಫೈಟರಿನ ಮೇಲೆರಗಿತು. ಶಬ್ದಕ್ಕಿಂತ ವೇಗವಾಗಿ ಹಾರಬಲ್ಲ ವಿಮಾನವನ್ನು ತಗ್ಗಿನಲ್ಲಿ, ನಿಧಾನ ವೇಗದ ಕಾಳಗಕ್ಕೆ ಎಳೆದದ್ದೇ ದೇವಯ್ಯನವರಿಗೆ ಅನುಕೂಲವಾಯಿತೆನ್ನಬೇಕು. ಅವರ ಗುಂಡುಗಳಿಂದ ಸ್ಟಾರ್‌ಫೈಟರ್ ಕೆಟ್ಟು, ಹುಸೇನ್ ಪ್ಯಾರಾಚೂಟಿನಲ್ಲಿ ಹೊರಹಾರಿ ಜೀವ ಉಳಿಸಿಕೊಂಡ. ದೇವಯ್ಯ ಹಿಂದಿರುಗಲಿಲ್ಲ.

ಇವೆಲ್ಲ ನಮಗೆ ಈಗ ಗೊತ್ತು. ಆ ಬೆಳಗ್ಗೆ ಆದಂಪುರದಲ್ಲಿ ಇಳಿದವರಿಗೆ ಗೊತ್ತಿದ್ದುದು ಒಬ್ಬರು ಬಂದಿಲ್ಲ ಎಂಬುದಷ್ಟೇ. ದಾಖಲೆಯಲ್ಲಿ 'ಕಾಣೆಯಾದವರು' ಎಂದು ಬರೆದರು. ಕಚೇರಿಗೆ ಅದೊಂದು ಶಬ್ದ. ಮನೆಯವರಿಗೆ ಅದು ಅಳಲೂ ಬಿಡದು, ಕಾಯದಿರಲೂ ಬಿಡದು. ಅದೇ ಯುದ್ಧದಲ್ಲಿ ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪ ವಿಮಾನ ಬಿದ್ದು ಸೆರೆಸಿಕ್ಕಿ, 1966ರಲ್ಲಿ ಬಿಡುಗಡೆಯಾಗಿ ಬಂದರು. ಹಾಗೆಯೇ ಇವರೂ ಬಂದಾರೆಂದು ಪತ್ನಿ ಸುಂದರಿ ದೇವಯ್ಯನವರು ಕಾದಿದ್ದರೆ ಆಶ್ಚರ್ಯವೇನು? ಸೆರೆಯಾಳುಗಳೆಲ್ಲ ಮರಳಿದರು, ಇವರು ಬರಲಿಲ್ಲ. ಕೊನೆಗೆ ಮೃತರೆಂದು ಭಾವಿಸಲಾಯಿತು.

ಸತ್ಯ ಬಂದದ್ದು ಗಡಿಯಾಚೆಯಿಂದ. ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕ ಪಾಕಿಸ್ತಾನದ ವಾಯುಪಡೆಯವರ ನೆರವಿನಿಂದ ಆ ಯುದ್ಧದ ವೃತ್ತಾಂತ ಬರೆದು 1979ರಲ್ಲಿ ಪ್ರಕಟಿಸಿದ. ಮಿಸ್ಟೇರೊಂದು ಸ್ಟಾರ್‌ಫೈಟರನ್ನು ಕೆಡವಿದ ಸಂಗತಿ ಅದರಲ್ಲಿ ಬಂತು. ಆ ಬೆಳಗಿನ ದಾಳಿಯಿಂದ ಮರಳದ ಮಿಸ್ಟೇರ್ ಒಂದೇ. ಹಾಗಾದರೆ ಅದರಲ್ಲಿದ್ದವರು ಯಾರೆಂಬುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ. ನಿವೃತ್ತರಾಗಿದ್ದ ತನೇಜಾ ತಮ್ಮ ಜತೆಗಾರನಿಗಾಗಿ ಮೇಲಿನವರಿಗೆ ಬರೆದರು. 1988ರಲ್ಲಿ ಮಹಾವೀರ ಚಕ್ರ ಘೋಷಣೆಯಾಯಿತು. ವಾಯುಪಡೆಯಲ್ಲಿ ಮರಣೋತ್ತರವಾಗಿ ಆ ಪದಕ ಪಡೆದವರು ಇವರೊಬ್ಬರೇ. ನನಗೆ ಕೇಳಿದರೆ ಆ ಹುಸೇನನಿಗೂ ಒಂದು ಮಾತು ಸಲ್ಲಬೇಕು. ಸೋತವನು ಸೋತೆನೆಂದು ಹೇಳದಿದ್ದರೆ ಈ ಕಥೆ ಅಲ್ಲಿಯ ಹೊಲದಲ್ಲೇ ಮಣ್ಣಾಗುತ್ತಿತ್ತು. 1971ರ ಯುದ್ಧದಲ್ಲಿ ಆತನ ವಿಮಾನ ಅಮೃತಸರದ ಬಳಿ ಬಿದ್ದು, ಆತನೇ ನಮ್ಮಲ್ಲಿ ಸೆರೆಯಾಳಾಗಿದ್ದನೆಂಬುದು ವಿಧಿಯ ವಿಚಿತ್ರ.

ಮಡಿಕೇರಿಯ ಪ್ರತಿಮೆ ಅನಾವರಣಗೊಂಡದ್ದು 2020ರ ಸೆಪ್ಟೆಂಬರ್ 7ರಂದು, ಸರಿಯಾಗಿ 55 ವರ್ಷಕ್ಕೆ. 2025ರಲ್ಲಿ ಬಂದ 'ಸ್ಕೈ ಫೋರ್ಸ್' ಎಂಬ ಹಿಂದಿ ಚಲನಚಿತ್ರಕ್ಕೂ ಇದೇ ಆಧಾರ. ಆದರೆ ಅದರಲ್ಲಿ ಹೆಸರು ಬದಲಿಸಿದ್ದಾರೆ. ದೇವಯ್ಯನವರ ದೇಹವನ್ನು ಅಲ್ಲಿಯ ಹಳ್ಳಿಯವರೇ ಹೊಲವೊಂದರಲ್ಲಿ ಹೂಳಿದರೆಂದು ಪಾಕಿಸ್ತಾನದ ನಿವೃತ್ತ ವಾಯುಪಡೆ ಅಧಿಕಾರಿಯೊಬ್ಬರು ಬರೆದಿದ್ದಾರೆ. ಕಾವೇರಿಯ ನಾಡಿನ ಮಗ ಈಗಲೂ ಪಂಜಾಬದ ಆ ಮಣ್ಣಿನಲ್ಲಿದ್ದಾನೆ.